ಟ್ರಯಥ್ಲಾನ್ ಅಭ್ಯಾಸದ ಲೆಕ್ಕ ಇಡಲು ಯಾವ ವಾಚು, ಯಾವ ಆಪ್? ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನಲ್ಲಿ ನಾವೊಂದಷ್ಟು ಮಂದಿ ಸೇರಿ ಈಜು, ಸೈಕಲ್, ಓಟ ಮೂರನ್ನೂ ಅಭ್ಯಾಸ ಮಾಡುತ್ತೇವೆ. ಭಾನುವಾರದ ಉದ್ದ ಸವಾರಿ ಮುಗಿಸಿ ಇಡ್ಲಿ ತಟ್ಟೆಯ ಮುಂದೆ ಕುಳಿತ ಕೂಡಲೇ ಹೊಸಬರು ಯಾರಾದರೂ ಮಣಿಕಟ್ಟು ಮುಂದೆ ಚಾಚಿ, "ಸರ್, ಇದು ಸಾಕೇ, ಬೇರೆ ತೆಗೆದುಕೊಳ್ಳಬೇಕೇ?" ಎಂದು ಕೇಳುತ್ತಾರೆ. ಪ್ರತಿ ವಾರ ಅದನ್ನೇ ಹೇಳುತ್ತಾ ಇಡ್ಲಿ ತಣ್ಣಗಾಗಿಸಿಕೊಳ್ಳುವುದು ಸಾಕಾಗಿ ಬರೆದಿಟ್ಟಿದ್ದೇನೆ. ನಾನು ಅಂಗಡಿಯವನಲ್ಲ, ಕೋಚ್ ಕೂಡ ಅಲ್ಲ. ಹತ್ತು ವರ್ಷಗಳಲ್ಲಿ ಮೂರು ವಾಚು, ಹೃದಯ ಬಡಿತ ಅಳೆಯುವ ಎರಡು ಎದೆಪಟ್ಟಿ, ಪೆಡಲ್ ತುಳಿತದ ಶಕ್ತಿ ಅಳೆಯುವ ಒಂದು ಪವರ್ ಮೀಟರಿಗೆ ದುಡ್ಡು ಸುರಿದವನು, ಅಷ್ಟೇ.

ಈಗಷ್ಟೇ ಶುರು ಮಾಡುತ್ತಿದ್ದೇನೆ. ಮೊದಲು ಏನು ಕೊಳ್ಳಲಿ?

ನೂರು ಪುಟದ ಒಂದು ನೋಟ್‌ಪುಸ್ತಕ. ತಮಾಷೆ ಮಾಡುತ್ತಿಲ್ಲ. ದಿನಾಂಕ, ಏನು ಮಾಡಿದಿರಿ, ಎಷ್ಟು ಹೊತ್ತು, ಹತ್ತರಲ್ಲಿ ಎಷ್ಟು ಕಷ್ಟವೆನಿಸಿತು, ಹಿಂದಿನ ರಾತ್ರಿ ಎಷ್ಟು ಹೊತ್ತು ಮಲಗಿದಿರಿ. ಇಷ್ಟನ್ನು ಆರು ವಾರ ಬರೆಯಿರಿ. ಈಜುಕೊಳದ ಗೋಡೆಯಲ್ಲಿ ಗಡಿಯಾರವಿರುತ್ತದೆ, ಓಟಕ್ಕೆ ಜೇಬಿನ ಮೊಬೈಲ್ ಸಾಕು. ಆರು ವಾರ ಕಳೆಯುವಷ್ಟರಲ್ಲಿ ಪುಸ್ತಕದಲ್ಲಿ ಉತ್ತರ ಸಿಗದ ಒಂದು ಪ್ರಶ್ನೆ ನಿಮ್ಮನ್ನು ಕಾಡತೊಡಗುತ್ತದೆ. ಒಬ್ಬರಿಗೆ "ಸೈಕಲ್ ಇಳಿದು ಓಡಲು ಶುರು ಮಾಡಿದರೆ ಕಾಲೇ ಏಳುವುದಿಲ್ಲವಲ್ಲ, ಸೈಕಲ್ ಮೇಲೆ ಅತಿಯಾಯಿತೇ?" ಎಂಬುದು. ಇನ್ನೊಬ್ಬರಿಗೆ "ಈಜಿನಲ್ಲಿ ವೇಗ ಹೆಚ್ಚುತ್ತಿದೆಯೇ, ಬರೀ ಅಭ್ಯಾಸವಾಯಿತೇ?" ಎಂಬುದು. ಆ ಪ್ರಶ್ನೆಗೆ ಉತ್ತರ ಕೊಡುವ ಉಪಕರಣ ಯಾವುದೋ ಅದನ್ನು ಕೊಳ್ಳಿ. ಪ್ರಶ್ನೆ ಹುಟ್ಟುವ ಮೊದಲೇ ಎಲ್ಲವನ್ನೂ ಕೊಂಡವರು ನಮ್ಮ ಗುಂಪಿನಲ್ಲಿ ಇಬ್ಬರಿದ್ದರು. ಅವರ ಪವರ್ ಮೀಟರುಗಳು ಈಗ ಅಟ್ಟದ ಮೇಲಿವೆ.

ವಾಚು ಮೊದಲೋ, ಆಪ್ ಮೊದಲೋ?

ಎರಡಕ್ಕೂ ಮೊದಲು ಕಡತ. ಈ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಬಿಡುವಿದ್ದರೆ ಇದನ್ನು ಓದಿ.

ವಾಚು ನಿಮ್ಮ ಜೊತೆ ಓಡುತ್ತಾ ಸೆಕೆಂಡಿಗೊಂದು ಸಾಲಿನಂತೆ ಬರೆದುಕೊಳ್ಳುತ್ತದೆ: ಸಮಯ, ಇರುವ ಜಾಗ, ಎತ್ತರ, ಹೃದಯ ಬಡಿತ, ಹೆಜ್ಜೆ ಅಥವಾ ಪೆಡಲಿನ ಲಯ, ಪವರ್ ಇದ್ದರೆ ಅದೂ. ಈ ಸಾಲುಗಳೆಲ್ಲ ಸೇರಿದ್ದೇ ಕಡತ. ಇಂದು ಹೆಚ್ಚಿನ ಕ್ರೀಡಾ ವಾಚುಗಳು ಅದನ್ನು 'ಫಿಟ್' ಎಂಬ ನಮೂನೆಯಲ್ಲಿ ಕೊಡುತ್ತವೆ. 'ಜಿಪಿಎಕ್ಸ್' ಎಂಬ ಇನ್ನೊಂದು ನಮೂನೆ ಇದೆ. ಅದು ಮುಖ್ಯವಾಗಿ ದಾರಿ, ಎತ್ತರ, ಸಮಯವನ್ನು ಹಿಡಿಯುವಂಥದ್ದು. ಈಜುಕೊಳದ ಅಭ್ಯಾಸವನ್ನು ಜಿಪಿಎಕ್ಸ್‌ನಲ್ಲಿ ತೆಗೆದರೆ ಕೈಗೆ ಹತ್ತುವುದು ಹೆಚ್ಚುಕಡಿಮೆ ಖಾಲಿ ಚೀಲ. ಆದ್ದರಿಂದ ಕೊಳ್ಳುವ ಮೊದಲು ಕೇಳಬೇಕಾದ್ದು ಎರಡೇ: ಮೂಲ ಫಿಟ್ ಕಡತವನ್ನು ನನ್ನ ಕಂಪ್ಯೂಟರಿಗೆ ಇಳಿಸಿಕೊಳ್ಳಬಹುದೇ? ಬೇರೆ ತಂತ್ರಾಂಶಕ್ಕೆ ತಾನಾಗಿಯೇ ಹೋಗುತ್ತದೆಯೇ? ಎರಡಕ್ಕೂ ಹೌದು ಎನ್ನದ ವಾಚು ಎಷ್ಟೇ ಚಂದವಿರಲಿ, ಅಗ್ಗವಿರಲಿ, ಬೇಡ.

ಇದು ಅತಿಯಾದ ಜಾಗ್ರತೆ ಎನಿಸಿದರೆ 2020ರ ಜುಲೈ ತಿಂಗಳನ್ನು ನೆನಪಿಸಿಕೊಳ್ಳಿ. ವಾಚು ತಯಾರಿಸುವ ಗಾರ್ಮಿನ್ ಸಂಸ್ಥೆಯ ಸರ್ವರುಗಳ ಮೇಲೆ ಸುಲಿಗೆಕೋರರ ಸೈಬರ್ ದಾಳಿ ನಡೆದು ಅದರ ಆಪ್ ದಿನಗಟ್ಟಲೆ ಮಲಗಿತು. ವಾಚು ದಾಖಲಿಸುತ್ತಲೇ ಇತ್ತು, ಆದರೆ ದಾಖಲಿಸಿದ್ದು ಮೊಬೈಲಿನಲ್ಲಿ ಕಾಣುತ್ತಿರಲಿಲ್ಲ. ಯುಎಸ್‌ಬಿ ಕೇಬಲ್ ಚುಚ್ಚಿ ಕಡತ ಹೊರತೆಗೆಯಲು ಗೊತ್ತಿದ್ದವರು ಅದನ್ನು ಬೇರೆಡೆ ಏರಿಸಿ ನೆಮ್ಮದಿಯಾಗಿದ್ದರು, ಉಳಿದವರು ದಿನ ಎಣಿಸಿದರು. ಇನ್ನೊಂದು ವಾಚು ಕಂಪನಿ ಸೂಂಟೋ, ಅಭ್ಯಾಸದ ದಾಖಲೆ ಇಡುವ ತನ್ನ ಹಳೆಯ ಮೂವ್ಸ್‌ಕೌಂಟ್ ತಾಣವನ್ನೇ ಮುಚ್ಚಿ ಎಲ್ಲರನ್ನೂ ಹೊಸ ಆಪಿಗೆ ಸಾಗಿಸಿತು. ಕಂಪನಿಗಳು ಮನಸ್ಸು ಬದಲಿಸುತ್ತವೆ. ನಿಮ್ಮ ಐದು ವರ್ಷದ ಬೆವರು ಅವರ ಮನಸ್ಸಿನ ಮೇಲೆ ನಿಂತಿರಬಾರದು. ನಾನು ಪ್ರತಿ ತಿಂಗಳ ಮೊದಲ ಶನಿವಾರ ಕಡತಗಳನ್ನೆಲ್ಲ ಒಂದು ಫೋಲ್ಡರಿಗೆ ಇಳಿಸುತ್ತೇನೆ, ಹತ್ತು ನಿಮಿಷದ ಕೆಲಸ.

ಟ್ರಯಥ್ಲಾನ್‌ಗೆಂದೇ ಮಾಡಿದ ವಾಚು ಬೇಕೇ?

ಸ್ಪರ್ಧೆಯ ದಿನಕ್ಕೆ ಮಾತ್ರ ಅದು ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಟ್ರಯಥ್ಲಾನ್ ಮೋಡ್ ಎಂದರೆ ಒಂದೇ ದಾಖಲೆಯೊಳಗೆ ಈಜು, ಮೊದಲ ಬದಲಾವಣೆ (ಈಜಿನಿಂದ ಸೈಕಲ್ಲಿಗೆ ಸಜ್ಜಾಗುವ ಹೊತ್ತು), ಸೈಕಲ್, ಎರಡನೇ ಬದಲಾವಣೆ, ಓಟ ಐದನ್ನೂ ಪೋಣಿಸುವ ವ್ಯವಸ್ಥೆ. ಒಂದು ಮುಗಿದಾಗ ಲ್ಯಾಪ್ ಗುಂಡಿ ಒತ್ತಿದರೆ ಮುಂದಿನದಕ್ಕೆ ಹೋಗುತ್ತದೆ. ಅಭ್ಯಾಸದ ದಿನಗಳಲ್ಲಿ ಮೂರನ್ನೂ ಬೇರೆ ಬೇರೆಯಾಗಿ ದಾಖಲಿಸಿದರೆ ಏನೂ ನಷ್ಟವಿಲ್ಲ.

ಆದರೆ ಕೊಳ್ಳುವಾಗ ಎಡವುವುದು ಇಲ್ಲೇ. ಗಾರ್ಮಿನ್‌ನ ಫೋರ್‌ರನ್ನರ್ 165ರಲ್ಲಿ ಈಜು, ಸೈಕಲ್, ಓಟ ಮೂರೂ ಇವೆ, ಮೂರನ್ನೂ ಕಟ್ಟುವ ಟ್ರಯಥ್ಲಾನ್ ಮೋಡ್ ಇಲ್ಲ. ಸೈಕಲ್ಲಿನ ಪವರ್ ಮೀಟರಿಗೂ ಅದು ಜೋಡಿಯಾಗುವುದಿಲ್ಲ. 2022ರಲ್ಲಿ ಬಂದ 255ರಲ್ಲಿ ಎರಡೂ ಇವೆ. ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ನೋಡಿದರೆ 165ರ ಪರದೆ ಥಳಥಳಿಸುತ್ತದೆ, 255 ಮಂಕಾಗಿ ಕುಳಿತಿರುತ್ತದೆ. ಹೊಸತು, ಹೊಳಪು ಎಂದು 165 ಕೊಂಡು ಆಮೇಲೆ ಪರಿತಪಿಸಿದವರು ಉಂಟು. ಕೋರೋಸ್ ಪೇಸ್ 3 ಹಗುರ, ಬೆಲೆಯೂ ಹಿತ, ಟ್ರಯಥ್ಲಾನ್ ಮೋಡ್ ಇದೆ. ಆದರೆ ಅದು ಬ್ಲೂಟೂತ್ ಸಂವೇದಕಗಳನ್ನು (ಎದೆಪಟ್ಟಿ, ಪವರ್ ಮೀಟರಿನಂಥವನ್ನು) ಮಾತ್ರ ಮಾತನಾಡಿಸುತ್ತದೆ. ಆ್ಯಪಲ್ ವಾಚಿನಲ್ಲಿ 2022ರ ವಾಚ್‌ಓಎಸ್ 9ರಿಂದ ಬಹುಕ್ರೀಡೆ ಸೌಲಭ್ಯ ಬಂದಿದೆ. ಮೊದಲೇ ಕೈಯಲ್ಲಿದ್ದರೆ ಚಿಕ್ಕ ದೂರಕ್ಕೆ ಧಾರಾಳವಾಗಿ ಸಾಕು.

ಚಿಕ್ಕ ದೂರ ಎಂದೆ. ಒಲಿಂಪಿಕ್ ದೂರ 1.5 ಕಿ.ಮೀ. ಈಜು, 40 ಕಿ.ಮೀ. ಸೈಕಲ್, 10 ಕಿ.ಮೀ. ಓಟ. ಅದಕ್ಕೆ ಯಾವ ವಾಚಿನ ಬ್ಯಾಟರಿಯೂ ಬಾಳುತ್ತದೆ. ಪೂರ್ಣ ದೂರ 3.8, 180, 42.2. ಮುಗಿಸಲು ಸಾಮಾನ್ಯವಾಗಿ ಕೊಡುವ ಗಡುವು 17 ಗಂಟೆ. ಡಬ್ಬಿಯ ಮೇಲೆ ಬರೆದ ಬ್ಯಾಟರಿ ಗಂಟೆಗಳು ಹೊಸ ವಾಚಿಗೆ ಸೇರಿದ್ದು, ಮೂರು ವರ್ಷ ಕಳೆದರೆ ಅದರಲ್ಲಿ ಒಂದು ಪಾಲು ಕಳೆದಿರುತ್ತದೆ. ನಿಮ್ಮ ಅಂದಾಜು ಸಮಯದ ಒಂದೂವರೆ ಪಟ್ಟು ಬಾಳುವುದನ್ನು ಹುಡುಕಿ.

ಇನ್ನೊಂದು ಮಾತು: ಗುಂಡಿಗಳಿರುವ ವಾಚು ಕೊಳ್ಳಿ. ಒದ್ದೆ ಬೆರಳು, ಬೆವರು, ಸಮುದ್ರದ ಉಪ್ಪು, ಇವುಗಳ ಮುಂದೆ ಸ್ಪರ್ಶ ಪರದೆ ಮಗುವಿನಂತೆ ಹಟ ಮಾಡುತ್ತದೆ.

ಬೇರೆಯವರು ಬಳಸಿದ ಹಳೆಯ ವಾಚು ಕೊಳ್ಳಬಹುದೇ?

ಕೊಳ್ಳಬಹುದು, ನನ್ನ ಮೊದಲನೆಯದು ಹಾಗೆಯೇ ಬಂದದ್ದು. ಎರಡು ಗಂಟೆ ಜಿಪಿಎಸ್ ಹಚ್ಚಿಟ್ಟು ಬ್ಯಾಟರಿ ಎಷ್ಟು ಇಳಿಯಿತೆಂದು ನೋಡಿ, ಗುಂಡಿಗಳನ್ನೆಲ್ಲ ಒತ್ತಿ ನೋಡಿ, ಹಳೆಯ ಒಡೆಯರ ಖಾತೆಯಿಂದ ಬಿಡಿಸಿಕೊಟ್ಟಿದ್ದಾರೆಯೇ ಕೇಳಿ. ಪವರ್ ಮೀಟರ್ ಪೆಡಲುಗಳನ್ನು ಮಾತ್ರ ಗುರುತಿರುವವರಿಂದಲೇ ಕೊಳ್ಳಿ. ಇನ್ನು ವಿದೇಶದಲ್ಲಿರುವ ನೆಂಟರ ಕೈಯಲ್ಲಿ ಹೊಸದನ್ನೇ ತರಿಸುವವರು ವಾರಂಟಿ ಇಲ್ಲಿ ನಡೆಯುತ್ತದೆಯೇ ಎಂದು ಮೊದಲು ವಿಚಾರಿಸಿಕೊಳ್ಳಿ.

ವಾಚು ಮಣಿಕಟ್ಟಿನಲ್ಲೇ ಬಡಿತ ತೋರಿಸುತ್ತದಲ್ಲ, ಎದೆಪಟ್ಟಿ ಏಕೆ?

ಒಂದು ಡಿಸೆಂಬರ್ ಮುಂಜಾನೆ ಕುಕ್ಕರಹಳ್ಳಿ ಕೆರೆಯ ಸುತ್ತ ನಿಧಾನವಾಗಿ ಓಡುತ್ತಿದ್ದೆ. ಪಕ್ಕದ ಗೆಳೆಯನೊಡನೆ ಮಗಳ ಶಾಲೆಯ ಶುಲ್ಕದ ಕಥೆ ಹೇಳುತ್ತಾ, ಏದುಸಿರೂ ಇಲ್ಲದೆ. ವಾಚು ನೋಡಿದರೆ ಬಡಿತ 174! ಶುಲ್ಕದ ಮಾತಿಗೆ ಅಷ್ಟು ಏರಿರಬಹುದೆಂದು ಗೆಳೆಯ ನಕ್ಕ. ಮನೆಗೆ ಬಂದು ಗೆರೆಗಳನ್ನು ಒಂದರ ಮೇಲೊಂದು ಇಟ್ಟು ನೋಡಿದೆ. ನಿಮಿಷಕ್ಕೆ ನನ್ನ ಹೆಜ್ಜೆಗಳೂ 174. ವಾಚು ಎದೆಯನ್ನು ಬಿಟ್ಟು ಕಾಲನ್ನು ಎಣಿಸುತ್ತಿತ್ತು.

ಇದು ಆಗಾಗ ಆಗುವಂಥದ್ದೇ. ವಾಚಿನ ಕೆಳಗಿನ ಹಸಿರು ದೀಪ ಚರ್ಮದೊಳಗೆ ಬೆಳಕು ಬಿಟ್ಟು, ರಕ್ತದ ಏರಿಳಿತಕ್ಕೆ ತಕ್ಕಂತೆ ಮರಳುವ ಬೆಳಕನ್ನು ಅಳೆಯುತ್ತದೆ. ಚಳಿಗೆ ಚರ್ಮದ ರಕ್ತನಾಳ ಕುಗ್ಗಿದರೆ, ವಾಚು ಸಡಿಲವಾಗಿದ್ದರೆ, ಹಚ್ಚೆ ಇದ್ದರೆ, ಸೈಕಲ್ ಹಿಡಿಕೆಯ ಮೇಲೆ ಮಣಿಕಟ್ಟು ಬಾಗಿ ಅದುರುತ್ತಿದ್ದರೆ ಅದಕ್ಕೆ ಗೊಂದಲ. ಎದೆಪಟ್ಟಿ ಹಾಗಲ್ಲ, ಹೃದಯದ ವಿದ್ಯುತ್ ಸಂಕೇತವನ್ನೇ ಹಿಡಿಯುತ್ತದೆ. ಫಿನ್ಲೆಂಡಿನ ಪೋಲಾರ್ ಸಂಸ್ಥೆ 1980ರ ದಶಕದ ಆರಂಭದಲ್ಲಿ ಇದನ್ನು ತಂತಿಯಿಲ್ಲದೆ ಕೈಗೆ ತಲುಪಿಸಿದ ಮೇಲೆ ಮೂಲ ತತ್ವ ಬದಲಾಗಿಲ್ಲ. ನಿಧಾನದ ಓಟಕ್ಕೆ ಮಣಿಕಟ್ಟು ಸಾಕು. ಒಂದೊಂದು ನಿಮಿಷ ಜೋರು, ಒಂದು ನಿಮಿಷ ಬಿಡುವು ಎಂಬಂಥ ಅಭ್ಯಾಸಕ್ಕೆ ಎದೆಪಟ್ಟಿಯೇ ಬೇಕು. ಹಾಕುವ ಮೊದಲು ಪಟ್ಟಿಯ ಒಳಭಾಗ ಒದ್ದೆ ಮಾಡಿ, ಬಿಚ್ಚಿದ ಮೇಲೆ ಬರೀ ನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ತೊಳೆಯದೆ ಚೀಲದಲ್ಲಿ ತುರುಕಿ ಒಂದೇ ಮಳೆಗಾಲದಲ್ಲಿ ನಾನೊಂದನ್ನು ಕೆಡಿಸಿದೆ. ತಪ್ಪು ಪಟ್ಟಿಯದಲ್ಲ.

ಪಟ್ಟಿ ಬಂದ ಮೇಲೆ "220ರಲ್ಲಿ ವಯಸ್ಸು ಕಳೆ" ಎಂಬ ಸೂತ್ರವನ್ನು ಬಿಟ್ಟುಬಿಡಿ. ಒಬ್ಬೊಬ್ಬರಿಗೆ ಅದು ಹತ್ತು ಹನ್ನೆರಡು ಬಡಿತ ಅತ್ತಿತ್ತ ಆಗುವುದು ಮಾಮೂಲು. ವಾಚು ಪೆಟ್ಟಿಗೆಯಿಂದ ಬಂದಾಗ ಬಡಿತದ ವಲಯಗಳನ್ನು (ನಿಧಾನ, ಮಧ್ಯಮ, ಜೋರು ಎಂಬ ಹಂತಗಳನ್ನು) ಈ ಬಗೆಯ ಅಂದಾಜಿನ ಮೇಲೇ ಹಾಕಿಕೊಂಡಿರುತ್ತದೆ. ನಿಮ್ಮದೇ ಪರೀಕ್ಷೆ ಮಾಡಿ ತಿದ್ದಿ.

ನೀರಿನಲ್ಲಿ ಹೃದಯ ಬಡಿತ ಸಿಗುತ್ತದೆಯೇ?

ಬ್ಲೂಟೂತ್ ಅಲೆಗಳು ನೀರಿನಲ್ಲಿ ಗೇಣು ದೂರ ಹೋಗುವುದೂ ಕಷ್ಟ. ಆದ್ದರಿಂದ ಪಟ್ಟಿಯೇ ನೆನಪಿಟ್ಟುಕೊಂಡು ದಡಕ್ಕೆ ಬಂದ ಮೇಲೆ ವಾಚಿಗೆ ಒಪ್ಪಿಸುವ ಬಗೆ ಬೇಕು. ಗಾರ್ಮಿನ್‌ನ ಎಚ್‌ಆರ್‌ಎಂ ಟ್ರೈ, ಎಚ್‌ಆರ್‌ಎಂ ಪ್ರೊ ಹೀಗೆ ಮಾಡುತ್ತವೆ. ಪೋಲಾರ್ ವೆರಿಟಿ ಸೆನ್ಸ್ ಎಂಬ ಚಿಕ್ಕ ಬಿಲ್ಲೆಯನ್ನು ಈಜು ಕನ್ನಡಕದ ಪಟ್ಟಿಗೆ ಸಿಕ್ಕಿಸಿ ಕಣತಲೆಯ ಮೇಲೆ ಕೂರಿಸಬಹುದು. ನನ್ನ ಮಟ್ಟಿಗೆ ಈಜಿಗೆ ಬಡಿತ ಬೇಡವೇ ಬೇಡ, ಗೋಡೆಯ ಗಡಿಯಾರ ಸಾಕು.

ಈಜುಕೊಳದಲ್ಲಿ ವಾಚು ತಪ್ಪು ದೂರ ತೋರಿಸುತ್ತಿದೆ. ಕೆಟ್ಟಿದೆಯೇ?

ಬಹುಮಟ್ಟಿಗೆ ಕೆಟ್ಟಿರುವುದಿಲ್ಲ, ಕೊಳದ ಉದ್ದ ತಪ್ಪು ಹಾಕಿದ್ದೀರಿ. ಈಜುಕೊಳದಲ್ಲಿ ವಾಚು ಜಿಪಿಎಸ್ ಬಳಸುವುದಿಲ್ಲ. ಕೈ ಬೀಸು, ಗೋಡೆ ಒದ್ದ ನಂತರದ ಜಾರು, ತಿರುವು ಇವುಗಳನ್ನು ಚಲನೆಯಿಂದ ಗುರುತಿಸಿ ಎಷ್ಟು ಸಲ ಈ ತುದಿಯಿಂದ ಆ ತುದಿಗೆ ಹೋದಿರಿ ಎಂದು ಎಣಿಸಿ, ನೀವು ಹೇಳಿದ ಉದ್ದದಿಂದ ಗುಣಿಸುತ್ತದೆ. ಅಷ್ಟೇ.

ಬೆಂಗಳೂರಿನ ಬಸವನಗುಡಿ ಅಕ್ವಾಟಿಕ್ ಸೆಂಟರಿನಂಥ ಕಡೆ 50 ಮೀಟರ್ ಎಂದರೆ 50 ಮೀಟರ್. ಅಪಾರ್ಟ್‌ಮೆಂಟಿನ ಕೊಳಗಳು ಕಟ್ಟಿದವರ ಮನಸ್ಸಿಗೆ ಬಂದಷ್ಟು. ನಮ್ಮ ಗುಂಪಿನ ಒಬ್ಬ ಹುಡುಗ ನೂರು ಮೀಟರನ್ನು 1 ನಿಮಿಷ 48 ಸೆಕೆಂಡಿನಲ್ಲಿ ಈಜುತ್ತಿದ್ದೇನೆಂದು ಹಿಗ್ಗಿದ. ಟೇಪು ಹಿಡಿದು ಅಳೆದರೆ ಅವನ ಕೊಳ 18 ಮೀಟರ್, ವಾಚಿನಲ್ಲಿ ಹಾಕಿದ್ದು 25. ಅಂದರೆ ವಾಚು ಸಾವಿರ ಮೀಟರ್ ಎಂದಾಗ ಅವನು ಈಜಿದ್ದು 720. ನಿಜವಾದ ವೇಗ ನೂರಕ್ಕೆ ಎರಡೂವರೆ ನಿಮಿಷ. ಪಾಪ, ಒಂದು ವಾರ ಮಂಕಾಗಿದ್ದ. ಹೆಚ್ಚಿನ ಕ್ರೀಡಾ ವಾಚುಗಳಲ್ಲಿ ಬೇಕಾದ ಉದ್ದ ಹಾಕಿಕೊಳ್ಳಲು ಅವಕಾಶವಿದೆ, ಅಳತೆ ಟೇಪು ತೆಗೆದುಕೊಂಡು ಹೋಗಿ. ಎದುರಿಗೆ ಬಂದವರಿಗೆ ದಾರಿ ಬಿಡಲು ನಡುವೆ ನಿಂತರೆ ಒಂದು ಸುತ್ತು ಹೆಚ್ಚಾಗುತ್ತದೆ. ಹಲಗೆ ಹಿಡಿದು ಬರೀ ಕಾಲು ಬಡಿದರೆ ಬಹಳಷ್ಟು ವಾಚುಗಳಲ್ಲಿ ಎಣಿಕೆಯೇ ಆಗುವುದಿಲ್ಲ. ಇವು ದೋಷವಲ್ಲ, ಅದರ ಸ್ವಭಾವ.

'ಸ್ವಾಲ್ಫ್' ಎಂಬ ಅಂಕಿಯ ಬಗ್ಗೆಯೂ ಕೇಳುತ್ತಾರೆ. ಒಂದು ಉದ್ದಕ್ಕೆ ಹಿಡಿದ ಸೆಕೆಂಡು ಮತ್ತು ಬೀಸಿದ ಕೈಗಳ ಮೊತ್ತ ಅದು. ವಾಚು ಕಟ್ಟಿದ ಕೈಯನ್ನು ಮಾತ್ರ ಎಣಿಸುವ ವಾಚುಗಳಿವೆ, ಎರಡೂ ಕೈ ಎಣಿಸುವ ಲೆಕ್ಕವೂ ಇದೆ. ಗೆಳೆಯನ ಸ್ವಾಲ್ಫ್ ಜೊತೆ ನಿಮ್ಮದನ್ನು ಹೋಲಿಸಿ ಬೇಸರಪಡಬೇಡಿ. ಇದಕ್ಕಿಂತ ಉಪಯುಕ್ತವಾದದ್ದು ಒಂದಿದೆ, ಅದಕ್ಕೆ ಉಪಕರಣವೂ ಬೇಡ. ಮೈ ಬಿಸಿ ಮಾಡಿಕೊಂಡು 400 ಮೀಟರ್ ಶಕ್ತಿಯಿದ್ದಷ್ಟು ಈಜಿ, ಚೆನ್ನಾಗಿ ಸುಧಾರಿಸಿಕೊಂಡು 200 ಮೀಟರ್ ಈಜಿ. ಮೊದಲನೆಯದಕ್ಕೆ 9:20, ಎರಡನೆಯದಕ್ಕೆ 4:20 ಹಿಡಿಯಿತೆನ್ನಿ. ವ್ಯತ್ಯಾಸ 200 ಮೀಟರಿಗೆ 5 ನಿಮಿಷ, ಅಂದರೆ ನೂರಕ್ಕೆ 2:30. ಅದೇ ನೀವು ಬಹಳ ಹೊತ್ತು ಕಾಯ್ದುಕೊಳ್ಳಬಲ್ಲ ವೇಗದ ಅಂದಾಜು. ಎರಡು ತಿಂಗಳಿಗೊಮ್ಮೆ ಮಾಡಿ ಪುಸ್ತಕದಲ್ಲಿ ಬರೆಯಿರಿ.

ಸಮುದ್ರದಲ್ಲಿ, ಕೆರೆಯಲ್ಲಿ ಜಿಪಿಎಸ್ ಗೆರೆ ಹುಚ್ಚುಹುಚ್ಚಾಗಿ ಓಡುತ್ತದೆ. ಏಕೆ?

ಉಪಗ್ರಹದ ಸಂಕೇತ ನೀರೊಳಗೆ ಬರುವುದಿಲ್ಲ. ಪ್ರತಿ ಸಲ ಕೈ ಮೇಲೆದ್ದಾಗ ಒಂದು ಕ್ಷಣ ಆಕಾಶ ನೋಡಿ, ಮತ್ತೆ ಮುಳುಗುತ್ತದೆ. ಅಷ್ಟರಲ್ಲೇ ಅಂದಾಜು ಕಟ್ಟಬೇಕು ಪಾಪ. ವಾಚನ್ನು ಈಜುಟೋಪಿಯೊಳಗೆ ತಲೆಯ ಹಿಂಭಾಗದಲ್ಲಿ ಇಟ್ಟುಕೊಂಡರೆ ಗೆರೆ ಬಹಳ ನೆಟ್ಟಗಾಗುತ್ತದೆ, ಆದರೆ ಕೈ ಬೀಸಿನ ಎಣಿಕೆ ಸಿಗುವುದಿಲ್ಲ. ಹೊರಡುವ ಮುನ್ನ ದಡದಲ್ಲಿ ಎರಡು ನಿಮಿಷ ಸುಮ್ಮನೆ ನಿಂತು ಉಪಗ್ರಹ ಹಿಡಿಯಲು ಬಿಡಿ. ಒಬ್ಬರೇ ಈಜುತ್ತಿದ್ದರೆ ವಾಚಿಗಿಂತ ಮೊದಲು ಸೊಂಟಕ್ಕೆ ಕಟ್ಟುವ ತೇಲುಬುರುಡೆ ಕೊಳ್ಳಿ.

ಸೈಕಲ್ಲಿಗೆ ಪವರ್ ಮೀಟರ್ ಹಾಕಿಸಲೇ?

ಅರ್ಧ ದೂರ ಅಥವಾ ಅದಕ್ಕಿಂತ ಹೆಚ್ಚಿನದಕ್ಕೆ ಗಂಭೀರವಾಗಿ ಸಿದ್ಧರಾಗುತ್ತಿದ್ದರೆ, ಇಡೀ ಪಟ್ಟಿಯಲ್ಲಿ ದುಡ್ಡಿಗೆ ನ್ಯಾಯ ಕೊಡುವುದು ಇದೊಂದೇ. ನನ್ನ ಅಭಿಪ್ರಾಯ, ಗುಂಪಿನ ಎಲ್ಲರೂ ಒಪ್ಪುವುದಿಲ್ಲ.

ನಂಜನಗೂಡು ರಸ್ತೆಯಲ್ಲಿ ಹೋಗುವಾಗ ಹಿಂಗಾಳಿ, ಬರುವಾಗ ಎದುರುಗಾಳಿ ಇದ್ದ ದಿನ ವೇಗದಿಂದ ಏನೂ ಗೊತ್ತಾಗುವುದಿಲ್ಲ. ಬಡಿತ ನಂಬೋಣವೆಂದರೆ ಅದು ನಿಧಾನದ ಜೀವಿ. ಏರು ಶುರುವಾಗಿ ಅರ್ಧ ನಿಮಿಷವಾದರೂ ಕಳೆದ ಮೇಲೆ ಏರುತ್ತದೆ, ಬಿಸಿಲಿಗೆ, ಕಾಫಿಗೆ, ನಿದ್ದೆಗೆಟ್ಟದ್ದಕ್ಕೆ ಬೇರೆ ಏರುತ್ತದೆ. ಗೋವಾದಂಥ ಸೆಕೆಯಲ್ಲಿ ಶ್ರಮ ಅಷ್ಟೇ ಇದ್ದರೂ ಗಂಟೆ ಕಳೆದಂತೆ ಬಡಿತ ಮೇಲಕ್ಕೆ ಸರಿಯುತ್ತಾ ಹೋಗುತ್ತದೆ. ಪವರ್ ಮೀಟರ್ ಮಾತ್ರ ಈ ಕ್ಷಣ ಪೆಡಲಿನ ಮೇಲೆ ಎಷ್ಟು ವ್ಯಾಟ್ ಸುರಿಯುತ್ತಿದ್ದೀರಿ ಎಂದು ಹೇಳುತ್ತದೆ. ಲೋಹ ಬಾಗುವುದನ್ನು ಅಳೆಯುವ ಸೂಕ್ಷ್ಮ ಪಟ್ಟಿಗಳಿಂದ ಬಲ, ತಿರುಗುವ ವೇಗದಿಂದ ಉಳಿದದ್ದು. 1980ರ ದಶಕದಲ್ಲಿ ಜರ್ಮನಿಯ ಉಲ್ರಿಚ್ ಶೋಬೆರರ್ ಇದನ್ನು ಸೈಕಲ್ಲಿಗೆ ಕೂರಿಸಿದಾಗ ವೃತ್ತಿಪರರಿಗೆ ಮಾತ್ರ ಎಟಕುತ್ತಿತ್ತು. ಈಗ ಎಡಗಡೆಯ ಕ್ರ್ಯಾಂಕಿನಲ್ಲಿ (ಪೆಡಲ್ ಹಿಡಿದ ತೋಳಿನಲ್ಲಿ) ಮಾತ್ರ ಅಳೆಯುವ ಬಗೆ ಸಾಮಾನ್ಯವಾಗಿ ಅಗ್ಗ.

ಅಗ್ಗದ್ದರ ಗುಟ್ಟು ಇಷ್ಟು: ಅದು ಎಡಗಾಲನ್ನು ಅಳೆದು ಎರಡರಿಂದ ಗುಣಿಸುತ್ತದೆ. ನಿಮ್ಮ ಎಡಗಾಲು ನೂರರಲ್ಲಿ 48 ಪಾಲು ಹೊತ್ತರೆ, ನಿಜದ 200 ವ್ಯಾಟ್ 192 ಎಂದು ಕಾಣುತ್ತದೆ. ನಿಮ್ಮದನ್ನು ನಿಮ್ಮದರೊಂದಿಗೇ ಹೋಲಿಸುವವರೆಗೆ ಇದೇನೂ ದೊಡ್ಡ ತೊಂದರೆಯಲ್ಲ. ಸೈಕಲ್ ಬಿಚ್ಚಿ ಪೆಟ್ಟಿಗೆಗೆ ಹಾಕಿ ಪ್ರಯಾಣ ಮಾಡುವವರಿಗೆ, ಎರಡು ಸೈಕಲ್ ಇರುವವರಿಗೆ ಪೆಡಲ್ ಬಗೆ ಅನುಕೂಲ. ಯಾವುದೇ ಇರಲಿ, ಸವಾರಿಗೆ ಮುನ್ನ ಸೈಕಲ್ಲನ್ನು ಹೊರಗಿನ ಹವೆಗೆ ಹತ್ತು ನಿಮಿಷ ಬಿಟ್ಟು 'ಸೊನ್ನೆ' ಮಾಡಿಕೊಳ್ಳಬೇಕು. ತರಕಾರಿ ಅಂಗಡಿಯವರು ತೂಗುವ ಮೊದಲು ತಕ್ಕಡಿಯ ಮುಳ್ಳು ನೋಡುವ ಹಾಗೆ.

ದುಡ್ಡಿಲ್ಲವೇ? ಮನೆಯಲ್ಲಿ ಸ್ಮಾರ್ಟ್ ಟ್ರೇನರ್ (ಸೈಕಲ್ ಕೂರಿಸಿ ನಿಂತಲ್ಲೇ ತುಳಿಯುವ ಯಂತ್ರ) ಇದ್ದರೆ ಅದೇ ವ್ಯಾಟ್ ತೋರಿಸುತ್ತದೆ. ಅದರ ಮೇಲೆ ದುಡಿತದ ಹದ ಕಲಿತು ರಸ್ತೆಯಲ್ಲಿ ಉಸಿರಿನಿಂದ ಗುರುತಿಸಬಹುದು. ಪವರ್ ಮೀಟರ್ ಇಲ್ಲದೆಯೇ, ಅಭ್ಯಾಸ ಹಂಚಿಕೊಳ್ಳುವ ಸ್ಟ್ರಾವ ಆಪ್ ತೋರಿಸುವ ವ್ಯಾಟ್ ಬರೀ ಊಹೆ. ಗುಂಪಿನ ಹಿಂದೆ ಗಾಳಿಯ ಮರೆಯಲ್ಲಿ ಆರಾಮವಾಗಿ ಕುಳಿತು ಬಂದವರನ್ನೂ ಅದು ಹೊಗಳುತ್ತದೆ.

ವಾಚು ಇದ್ದ ಮೇಲೆ ಸೈಕಲ್ ಕಂಪ್ಯೂಟರ್ ಬೇರೆ ಏಕೆ?

ಎಪ್ಪತ್ತು ಎಮ್ಮೆ, ಮೂರು ಉಬ್ಬು, ಒಂದು ಖಾಸಗಿ ಬಸ್ಸಿರುವ ರಸ್ತೆಯಲ್ಲಿ ಮಣಿಕಟ್ಟು ತಿರುಗಿಸಿ ನೋಡಬೇಡಿ, ಅದಕ್ಕೇ. ದುಡ್ಡು ಉಳಿಸಬೇಕಿದ್ದರೆ ಹಿಡಿಕೆಗೆ ಒಂದು ರಬ್ಬರ್ ಉರುಳೆ ಹಾಕಿ ಅದಕ್ಕೇ ವಾಚು ಕಟ್ಟಿ. ಎರಡೂ ಇದ್ದವರು ಎರಡರಿಂದಲೂ ಏರಿಸಿದರೆ ಒಂದೇ ಸವಾರಿ ಎರಡಾಗಿ ಲೆಕ್ಕ ಕೆಡುತ್ತದೆ, ಒಂದನ್ನು ನಿಲ್ಲಿಸಿ.

ಆ್ಯಂಟ್ ಪ್ಲಸ್, ಬ್ಲೂಟೂತ್: ಯಾವುದು ಬೇಕು?

ಸಂವೇದಕಗಳು ತಂತಿಯಿಲ್ಲದೆ ವಾಚಿಗೆ ಅಂಕಿ ಕಳುಹಿಸುವ ಎರಡು ಬಗೆಗಳಿವು. ಎರಡೂ ಇರುವ ಸಂವೇದಕ ಕೊಳ್ಳಿ, ಪ್ರಶ್ನೆ ಮುಗಿಯಿತು. ಆ್ಯಂಟ್ ಪ್ಲಸ್ ಬಾನುಲಿಯಂತೆ, ಎಷ್ಟು ಜನ ಬೇಕಾದರೂ ಕೇಳಬಹುದು. ಬ್ಲೂಟೂತ್ ದೂರವಾಣಿಯಂತೆ, ಒಮ್ಮೆಗೆ ಒಬ್ಬಿಬ್ಬರೊಡನೆ ಮಾತು. ಎದೆಪಟ್ಟಿ ವಾಚಿಗೆ ಸಿಗುತ್ತಿಲ್ಲವೆಂದರೆ ಮೊಬೈಲಿನ ಯಾವುದೋ ಆಪ್ ಅದನ್ನು ಮೊದಲೇ ಹಿಡಿದುಕೊಂಡಿರುತ್ತದೆ.

ಇಬ್ಬರೂ ಒಟ್ಟಿಗೆ ಚಾಮುಂಡಿ ಬೆಟ್ಟ ಹತ್ತಿದೆವು. ಅವನ ವಾಚಿನಲ್ಲಿ ಎತ್ತರ ಹೆಚ್ಚು, ನನ್ನದರಲ್ಲಿ ಕಡಿಮೆ. ಹೇಗೆ?

ಒಂದು ವಾಚು ಗಾಳಿಯ ಒತ್ತಡದಿಂದ ಎತ್ತರ ಅಳೆಯುತ್ತಿರಬಹುದು, ಇನ್ನೊಂದು ಉಪಗ್ರಹದಿಂದ. ಒತ್ತಡದ್ದು ಸಾಮಾನ್ಯವಾಗಿ ಮೇಲು. ಆದರೆ ಮಳೆ ಕವಿದು ಒತ್ತಡ ಒಂದು ಹೆಕ್ಟೊಪಾಸ್ಕಲ್ ಇಳಿದರೆ ಅದಕ್ಕೆ ನೀವು ಎಂಟೊಂಬತ್ತು ಮೀಟರ್ ಮೇಲೇರಿದಂತೆ ಕಾಣುತ್ತದೆ. ಒತ್ತಡ ಅಳೆಯಲು ವಾಚಿನಲ್ಲಿರುವ ಚಿಕ್ಕ ತೂತನ್ನು ಬೆವರಿನ ಉಪ್ಪು ಮುಚ್ಚಿದರೂ ಲೆಕ್ಕ ತಪ್ಪುತ್ತದೆ. ನಲ್ಲಿ ಕೆಳಗೆ ತೊಳೆಯಿರಿ, ಪಿನ್ನು ಚುಚ್ಚಬೇಡಿ. ಬೆಟ್ಟ ಇಬ್ಬರಿಗೂ ಒಂದೇ ಎತ್ತರವಿತ್ತು.

ಸರಿ, ಯಾವ ತಂತ್ರಾಂಶ?

ಕೋಚ್ ಇದ್ದರೆ ಅವರು ಬಳಸುವುದೇ ನಿಮ್ಮದು. ಸಾಮಾನ್ಯವಾಗಿ ಅದು ಟ್ರೈನಿಂಗ್‌ಪೀಕ್ಸ್ ಆಗಿರುತ್ತದೆ. ವಾರದ ಯೋಜನೆ ಹಾಕಿ, ಮಾಡಿದ್ದನ್ನು ಪಕ್ಕದಲ್ಲಿಟ್ಟು ನೋಡಲು ಅದು ಚೆನ್ನ, ವಿಶ್ಲೇಷಣೆಯ ಒಳ್ಳೆಯ ಭಾಗಗಳಿಗೆ ಮಾತ್ರ ಕಾಸು ಕೊಡಬೇಕು.

ಕೋಚ್ ಇಲ್ಲದವರಿಗೆ ನಾನು ಹೇಳುವುದು ಇಂಟರ್ವಲ್ಸ್ ಡಾಟ್ ಐಸಿಯು. ಬ್ರೌಸರಿನಲ್ಲಿ ತೆರೆಯುತ್ತದೆ, ಬಳಸಲು ದುಡ್ಡಿಲ್ಲ, ಮೆಚ್ಚಿದವರು ಚಂದಾ ಕೊಡಬಹುದು. ಈಜು, ಸೈಕಲ್, ಓಟ ಮೂರಕ್ಕೂ ಬೇರೆ ಬೇರೆ ಮಿತಿ (ಸುಮಾರು ಒಂದು ಗಂಟೆ ಕಾಯ್ದುಕೊಳ್ಳಬಲ್ಲ ದುಡಿತ) ಹಾಕಿ ಒಂದೇ ಕ್ಯಾಲೆಂಡರಿನಲ್ಲಿ ನೋಡಬಹುದು. ಮೊದಲ ದಿನ ಪರದೆ ತುಂಬ ಗೆರೆಗಳನ್ನು ಕಂಡು ಹೆದರಬೇಡಿ, ಮುಕ್ಕಾಲು ಪಾಲು ಮುಚ್ಚಿಡಿ. ಕಂಪ್ಯೂಟರ್ ಕೆಲಸದವರಿಗೆ ಗೋಲ್ಡನ್ ಚೀತಾ ಇದೆ. ಮುಕ್ತ ತಂತ್ರಾಂಶ, ನಿಮ್ಮದೇ ಯಂತ್ರದಲ್ಲಿ ಕೂರುತ್ತದೆ, ಇಂಟರ್ನೆಟ್ ಇಲ್ಲದಿದ್ದರೂ ನಡೆಯುತ್ತದೆ. ಕಲಿಯಲು ಒಂದು ವಾರ ಬೇಕು. ಕಡತಗಳನ್ನು ಇಳಿಸಿಡಿ ಎಂದು ಮೊದಲೇ ಹೇಳಿದೆನಲ್ಲ, ಅವುಗಳಿಗೆ ಇದಕ್ಕಿಂತ ಒಳ್ಳೆಯ ಮನೆ ನಾನು ಕಂಡಿಲ್ಲ.

ಸ್ಟ್ರಾವವನ್ನು ನಾನು ಊರಕಟ್ಟೆ ಎನ್ನುತ್ತೇನೆ. ಅಲ್ಲಿ ನಾಲ್ಕು ಜನ ಸೇರುತ್ತಾರೆ, ಬೆನ್ನು ತಟ್ಟುತ್ತಾರೆ, ಒಂದಿಷ್ಟು ಹೊಟ್ಟೆಕಿಚ್ಚೂ ಆಗುತ್ತದೆ. ಹೋಗಿ, ಆದರೆ ಕಟ್ಟೆಯ ಮೇಲೆ ಮನೆಯ ಲೆಕ್ಕಪುಸ್ತಕ ಇಡಬೇಡಿ. 2024ರ ನವೆಂಬರಿನಲ್ಲಿ ಅವರು ನಿಯಮ ಬಿಗಿ ಮಾಡಿ, ಸ್ಟ್ರಾವ ಮೂಲಕ ಬಂದ ನಿಮ್ಮ ದಾಖಲೆಯನ್ನು ಬೇರೆ ಆಪುಗಳು ನಿಮಗೆ ಮಾತ್ರ ತೋರಿಸಬಹುದು, ಇನ್ನೊಬ್ಬರಿಗಲ್ಲ ಎಂದರು. ಸ್ಟ್ರಾವದ ದಾರಿಯಿಂದ ಕೋಚಿಗೆ ಕಳುಹಿಸುತ್ತಿದ್ದವರು ಪೇಚಿಗೆ ಸಿಕ್ಕಿದರು. ಆದ್ದರಿಂದ ವಾಚಿನ ಖಾತೆಯಿಂದ ನೇರವಾಗಿ ವಿಶ್ಲೇಷಣೆಯ ತಾಣಕ್ಕೆ ಜೋಡಿಸಿ, ನಡುವೆ ಇನ್ನೊಬ್ಬರು ಬೇಡ.

ತಂತ್ರಾಂಶದಲ್ಲಿ 'ಫಿಟ್‌ನೆಸ್' ಗೆರೆ ಏರುತ್ತಿದೆ. ನಾನು ಬಲಶಾಲಿಯಾಗುತ್ತಿದ್ದೇನೆಯೇ?

ಹೆಚ್ಚು ದುಡಿಯುತ್ತಿದ್ದೀರಿ ಎಂಬುದಷ್ಟೇ ಖಚಿತ. ಲೆಕ್ಕ ಹೀಗಿದೆ. ನಿಮ್ಮ ಮಿತಿಯಲ್ಲಿ, ಅಂದರೆ ಸುಮಾರು ಒಂದು ಗಂಟೆ ಕಾಯ್ದುಕೊಳ್ಳಬಲ್ಲ ಪವರ್‌ನಲ್ಲಿ, ಒಂದು ಗಂಟೆ ದುಡಿದರೆ 100 ಅಂಕ. ಮಿತಿಯ 70 ಶೇಕಡಾದಲ್ಲಿ ಎರಡು ಗಂಟೆ ಹೋದರೆ 98. ಅಂಕ ಹೆಚ್ಚುಕಡಿಮೆ ಒಂದೇ. ಮೊದಲನೆಯದನ್ನು ಮಾಡಿದ ಮರುದಿನ ಮೆಟ್ಟಿಲಿಳಿಯಲು ಗೋಡೆ ಹಿಡಿಯಬೇಕು, ಎರಡನೆಯದನ್ನು ಮಾಡಿ ಸಂತೆಗೆ ಹೋಗಿ ಬರಬಹುದು. ಈ ಅಂಕಗಳ 42 ದಿನಗಳ ಸರಾಸರಿಗೆ, ಹತ್ತಿರದ ದಿನಗಳಿಗೆ ಹೆಚ್ಚು ತೂಕ ಕೊಟ್ಟು, 'ಫಿಟ್‌ನೆಸ್' ಎಂದು ಹೆಸರಿಟ್ಟಿದ್ದಾರೆ. 7 ದಿನಗಳದಕ್ಕೆ 'ದಣಿವು'. ಮೊದಲನೆಯದರಿಂದ ಎರಡನೆಯದನ್ನು ಕಳೆದರೆ ಉಳಿಯುವುದು 'ತಾಜಾತನ'.

ಇಡೀ ಗೋಪುರ ನಿಂತಿರುವುದು ನೀವು ಹಾಕಿದ ಮಿತಿಯ ಮೇಲೆ. ನಿಮ್ಮ ನಿಜವಾದ ಮಿತಿ 220 ವ್ಯಾಟ್ ಇದ್ದು ತಂತ್ರಾಂಶದಲ್ಲಿ ಹಳೆಯ 200 ಉಳಿದಿದೆ ಎನ್ನಿ. 180 ವ್ಯಾಟಿನಲ್ಲಿ ಒಂದು ಗಂಟೆ ಹೋದರೆ ಬರಬೇಕಾದದ್ದು 67, ಬರುವುದು 81. ಗೆರೆ ಏರುತ್ತದೆ, ನೀವು ಬೀಗುತ್ತೀರಿ. ಮಿತಿ ತಿಳಿಯಲು ಇಪ್ಪತ್ತು ನಿಮಿಷ ಶಕ್ತಿಯಿದ್ದಷ್ಟು ತುಳಿದು, ಸರಾಸರಿ ಪವರ್‌ನ 95 ಶೇಕಡಾ ಹಿಡಿಯುವುದು ರೂಢಿ. ನಡುವೆ ಸಿಗ್ನಲ್ ಇಲ್ಲದ ಉದ್ದ ಏರು ಹುಡುಕಿ, ಎಂಟು ವಾರಕ್ಕೊಮ್ಮೆ ಮಾಡಿ. ನಾನು ಈ ಗೆರೆಯನ್ನು ಒಂದೇ ಕೆಲಸಕ್ಕೆ ನೋಡುತ್ತೇನೆ: ವಾರದಿಂದ ವಾರಕ್ಕೆ ಒಮ್ಮೆಲೇ ಜಿಗಿಯಿತೇ ಎಂದು. ಜಿಗಿದ ಎರಡು ಸಲವೂ ಮೀನಖಂಡ ಹಿಡಿದುಕೊಂಡಿತ್ತು.

ನಿದ್ದೆಯ ಅಂಕ, 'ಇಂದು ವಿಶ್ರಾಂತಿ ತೆಗೆದುಕೊಳ್ಳಿ' ಎಂಬ ಸಲಹೆ, ವಿಒ2 ಮ್ಯಾಕ್ಸ್ ನಂಬಬಹುದೇ?

ವಿಒ2 ಮ್ಯಾಕ್ಸ್, ಅಂದರೆ ದೇಹ ಬಳಸಬಲ್ಲ ಗರಿಷ್ಠ ಆಮ್ಲಜನಕ, ಪ್ರಯೋಗಾಲಯದಲ್ಲಿ ಮುಖವಾಡ ಹಾಕಿ ಅಳೆಯುವಂಥದ್ದು. ವಾಚು ಬಡಿತ ಮತ್ತು ವೇಗದಿಂದ ಊಹಿಸುತ್ತದೆ. ಗಾರ್ಮಿನ್‌ನಲ್ಲಿ ಈ ಲೆಕ್ಕದ ಹಿಂದಿರುವ ಫಿನ್ಲೆಂಡಿನ ಫಸ್ಟ್‌ಬೀಟ್ ಸಂಸ್ಥೆಯನ್ನು ಗಾರ್ಮಿನ್ 2020ರಲ್ಲಿ ಕೊಂಡುಕೊಂಡಿತು. ಸೆಕೆಯಲ್ಲಿ ಓಡಿದರೆ ಅಂಕಿ ಇಳಿಯುತ್ತದೆ, ನೀವು ಇಳಿದಿರುವುದಿಲ್ಲ. ನಿದ್ದೆ ಹೇಗಾಯಿತೆಂದು ತಿಳಿಯಲು ಎದ್ದ ಕೂಡಲೇ ವಾಚು ನೋಡಬೇಡಿ, ಮೊದಲು ನೋಟ್‌ಪುಸ್ತಕದಲ್ಲಿ ಬರೆದು ಆಮೇಲೆ ನೋಡಿ. ಎರಡೂ ಒಂದು ತಿಂಗಳು ಹೊಂದಿದರೆ ನಂಬಿ.

ಓಡಿದ ದಾರಿ ಎಲ್ಲರಿಗೂ ಕಾಣುತ್ತದಲ್ಲ, ಮನೆಯ ವಿಳಾಸ?

ಕಾಣುತ್ತದೆ, ದಿನವೂ ಒಂದೇ ಹೊತ್ತಿಗೆ ಎಲ್ಲಿರುತ್ತೀರಿ ಎಂಬುದೂ ಕಾಣುತ್ತದೆ. 2018ರ ಜನವರಿಯಲ್ಲಿ ಸ್ಟ್ರಾವದ ಜಗತ್ತಿನ ನಕ್ಷೆಯಲ್ಲಿ ಸೇನಾ ನೆಲೆಗಳ ಓಟದ ದಾರಿಗಳೇ ಹೊಳೆದು ಗಲಾಟೆಯಾಗಿತ್ತು. ಮನೆ ಮತ್ತು ಕಚೇರಿಯ ಸುತ್ತಲಿನ ಭಾಗ ಮರೆಮಾಡುವ ವ್ಯವಸ್ಥೆ ಆಪಿನಲ್ಲೇ ಇದೆ, ಖಾತೆ ತೆರೆದ ದಿನವೇ ಹಾಕಿ. ನಮ್ಮ ಗುಂಪಿನ ಹೆಣ್ಣುಮಕ್ಕಳು ದಾಖಲೆಯನ್ನು ಪರಿಚಯಸ್ಥರಿಗಷ್ಟೇ ತೆರೆದಿಡುತ್ತಾರೆ. ಗಂಡಸರೂ ಹಾಗೆ ಮಾಡಿದರೆ ನಷ್ಟವೇನಿಲ್ಲ, ಕಾರ್ಬನ್ ಸೈಕಲ್ ಇರುವ ಮನೆ ಯಾವುದೆಂದು ಕಳ್ಳರಿಗೂ ತಿಳಿಯಬೇಕಿಲ್ಲ.

ಸ್ಪರ್ಧೆಯ ದಿನ ಏನು ಎಚ್ಚರ?

ಗೋವಾದಲ್ಲಿ 2019ರಿಂದ ಐರನ್‌ಮ್ಯಾನ್ 70.3 ಎಂಬ ಅರ್ಧ ದೂರದ ಸ್ಪರ್ಧೆ ನಡೆಯುತ್ತಿರುವುದರಿಂದ ನಮ್ಮವರು ಹೆಚ್ಚಾಗಿ ಅಲ್ಲಿಗೇ ಹೋಗುತ್ತಾರೆ. ಅಲ್ಲಿ ನಾನು ಮಾಡಿದ ಎಡವಟ್ಟು ಹೇಳುತ್ತೇನೆ. ಮಿರಾಮಾರ್ ಕಡಲಲ್ಲಿ ನೂಕುನುಗ್ಗಲಿನ ನಡುವೆ ಯಾರದೋ ಮೊಣಕೈ ನನ್ನ ವಾಚಿಗೆ ಬಡಿದು ಲ್ಯಾಪ್ ಗುಂಡಿ ಒತ್ತಿತು. ವಾಚು ಮೊದಲ ಬದಲಾವಣೆಗೆ ಹಾರಿತು. ದಡಕ್ಕೆ ಬಂದು ನಾನು ಮತ್ತೆ ಒತ್ತಿದಾಗ ಸೈಕಲ್ ಎಂದಿತು. ಸೈಕಲ್ ಹತ್ತಿ ಒತ್ತಿದಾಗ ಎರಡನೇ ಬದಲಾವಣೆ. ತೊಂಬತ್ತು ಕಿಲೋಮೀಟರ್ ಸವಾರಿಯನ್ನು ನನ್ನ ವಾಚು ಬೂಟು ಬದಲಿಸುವ ಸಮಯವೆಂದು ಬರೆದುಕೊಂಡಿದೆ. ಅಂದಿನಿಂದ ಈಜಿಗೆ ಮುನ್ನ ಗುಂಡಿಗಳ ಬೀಗ ಹಾಕುತ್ತೇನೆ.

ಹಿಂದಿನ ರಾತ್ರಿ ತಂತ್ರಾಂಶ ಪರಿಷ್ಕರಿಸಬೇಡಿ. ಸ್ಪರ್ಧೆಗೆ ಎರಡು ವಾರ ಮೊದಲು ಚಿಕ್ಕದೊಂದು ಅಣಕು ಸ್ಪರ್ಧೆ ಮಾಡಿ ಗುಂಡಿ ಒತ್ತುವ ಕ್ರಮ ಕೈಗೆ ಹತ್ತಿಸಿಕೊಳ್ಳಿ. ಸೈಕಲ್ ಪರದೆಯಲ್ಲಿ ಮೂರೇ ಅಂಕಿ ಇಡಿ. ನನ್ನವು ಈ ಹತ್ತು ಸೆಕೆಂಡಿನ ಸರಾಸರಿ ಪವರ್, ಕಳೆದ ಸಮಯ, ಬಡಿತ. ಊಟ ನೀರು ನೆನಪಿಸಲು ಇಪ್ಪತ್ತು ನಿಮಿಷಕ್ಕೊಮ್ಮೆ ಅದುರುವಂತೆ ಮಾಡಿ. ಇಯರ್‌ಫೋನಿಗೆ ಸ್ಪರ್ಧೆಯಲ್ಲಿ ಅವಕಾಶವಿಲ್ಲ.

ವಾಚಿನಲ್ಲಿ ಕನ್ನಡ ಕಾಣುತ್ತದೆಯೇ?

ಎಲ್ಲದರಲ್ಲೂ ಇಲ್ಲ. ಅಕ್ಷರಗಳ ಬದಲು ಚೌಕಗಳ ಸಾಲು ಬರುವ ವಾಚುಗಳಿವೆ, ಕೊಳ್ಳುವ ಮುನ್ನ ಅಂಗಡಿಯಲ್ಲೇ ಒಂದು ಸಂದೇಶ ಕಳುಹಿಸಿ ನೋಡಿ. ನನ್ನದು ಚೌಕದ ಜಾತಿ. ಹತ್ತು ಚೌಕ ಬಂದರೆ ಹಾಲು, ಇಪ್ಪತ್ತು ಬಂದರೆ ಹಾಲಿನ ಜೊತೆ ಕೊತ್ತಂಬರಿ ಎಂದು ಮನೆಯಾಕೆಯೊಡನೆ ಒಪ್ಪಂದವಾಗಿದೆ.